ಬಾಟಲಿಯ ಕೆಂಪು

ವುಡ್ ಗ್ರೀನ್, ಲಂಡನ್
೨೩ ಮೇ ೧೯೮೯, ಮಂಗಳವಾರ

ಬೀಗಿತಿ ಅನ್ನೆಜೂಗೆ,

ಹರಿಕ್ಲಿಯಾ ಬರೆಯುತ್ತಿರುವ ಕಾಗದ. ನೀನು ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಫೆಬ್ರವರಿಯಿಂದ ನಾವು ಮಾತು ಬಿಟ್ಟಿದ್ದರೂ ಇಗರ್ಜಿಯಲ್ಲಿ ಸಿಕ್ಕವರೆಲ್ಲ ನೀನು ಚೆನ್ನಾಗಿದ್ದೀಯೆಂದು ನನಗೆ ಹೇಳಿಯೇ ಹೋಗುತ್ತಾರೆ. ಹೇಳುವಾಗ ನನ್ನ ಮುಖ ಏನಾಗುತ್ತದೆಂದು ನೋಡುತ್ತಾರೆ. ನಾನು ಮುಖವನ್ನು ಹಿಟ್ಟಿನ ಮುದ್ದೆಯ ಹಾಗೆ ಇಟ್ಟುಕೊಳ್ಳುತ್ತೇನೆ.

ನಿನ್ನ ಮನೆಯ ಮುಂದೆ ಇಪ್ಪತ್ತೊಂಬತ್ತನೇ ನಂಬರಿನ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ನನ್ನ ಬಾಗಿಲು. ಆದರೂ ಅಂಚೆ ಚೀಟಿ ಹಚ್ಚುತ್ತಿದ್ದೇನೆ. ಎದುರುಬದುರು ಕೂತರೆ ನೀನು ಒಂದು ಮಾತಾಡುತ್ತೀ, ನಾನು ಎರಡು ಆಡುತ್ತೇನೆ, ಹೇಳಬೇಕಾದ್ದು ಕುರ್ಚಿಯ ಕೆಳಗೆ ಉರುಳಿ ಹೋಗುತ್ತದೆ. ಕಾಗದ ಎದುರುತ್ತರ ಕೊಡುವುದಿಲ್ಲ. ನಾನು ಊರ ಶಾಲೆಯಲ್ಲಿ ನಾಲ್ಕು ವರ್ಷ ಕೂತವಳು. ಐದನೆಯ ವರ್ಷ ಅಪ್ಪ ಕೈಗೆ ಮೇಕೆಯ ಹಗ್ಗ ಕೊಟ್ಟ. ಅಕ್ಷರ ಸೊಟ್ಟಗಿದ್ದರೆ ಮೇಕೆಯನ್ನು ಬೈಯಿ.

ವಿಷಯ ಸ್ಟಾಲ್ಲೊಳದು. ನಮ್ಮಿಬ್ಬರ ನಡುವೆ ಮೊಮ್ಮಗಳನ್ನು ಬಿಟ್ಟು ಬೇರೆ ವಿಷಯ ಯಾವತ್ತಿತ್ತು? ಬರುವ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯಲ್ಲಿ ಅವಳ ಮಾತ್ರೆ ನಿಲ್ಲಿಸುತ್ತಾರೆ. ಅದು ನಿಲ್ಲಬಾರದು. ನಿಲ್ಲದ ಹಾಗೆ ಮಾಡುವುದು ನಿನ್ನೊಬ್ಬಳಿಂದ ಆಗುವ ಕೆಲಸ. ಅದು ನಿನ್ನಿಂದಲೇ ಆಗಬೇಕಾಗಿ ಬಂತಲ್ಲ ಎಂದು ನನಗೆ ಎಷ್ಟು ಉರಿಯುತ್ತಿದೆಯೆಂದರೆ, ಇಷ್ಟು ಬರೆಯುವುದರೊಳಗೆ ಪೆನ್ನನ್ನು ಎರಡು ಸಲ ಕೆಳಗಿಟ್ಟೆ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ. ನಾನು ನಿಂತ ಕಡೆಯಿಂದ ಅದು ಹೇಗೆ ಕಾಣುತ್ತಿತ್ತೆಂದು ನಿನಗೆ ಗೊತ್ತಿಲ್ಲ.

ಮಗು ಆರು ತಿಂಗಳಿಗೆ ಮೇಣದ ಹಾಗೆ ಬಿಳಿಚಿಕೊಂಡಾಗ ಹೊಟ್ಟೆ ತುಂಬ ತಿನ್ನಿಸಿ ಅಂದವಳು ನಾನು, ಡಾಕ್ಟರಿಗೆ ತೋರಿಸಿ ಅಂದವಳು ನೀನು. ನೀನೇ ಗೆದ್ದೆ. ಮೈ ತಾನಾಗಿ ರಕ್ತ ಕಟ್ಟಿಕೊಳ್ಳಲಾರದ ಕಾಯಿಲೆ, ನಮ್ಮ ಸೈಪ್ರಸ್ಸಿನವರನ್ನು ಸಮುದ್ರ ದಾಟಿ ಬಂದರೂ ಬಿಡದ ಕಾಯಿಲೆ ಎಂದರು. ನಿನ್ನ ಮಗ ಲಾಕಿಸ್‌ನಲ್ಲಿ ಅರ್ಧ, ನನ್ನ ಮಗಳು ಲೂಲ್ಲಾಳಲ್ಲಿ ಅರ್ಧ, ಕೂಸಿನಲ್ಲಿ ಪೂರ್ತಿ. ಲಾಕಿಸ್‌ಗೆ ಬಂದದ್ದು ನಿನ್ನಿಂದ, ಲೂಲ್ಲಾಳಿಗೆ ನನ್ನಿಂದ. ಆ ಮದುವೆಯಲ್ಲಿ ಎರಡು ಮನೆಯವರೂ ಸರಿಸಮ ಹಾಕಿದ್ದು ಅದೊಂದನ್ನೇ.

ಆವತ್ತಿಂದ ಮೂರು ವಾರಕ್ಕೊಮ್ಮೆ ಯಾರದೋ ರಕ್ತ ಚೀಲದಲ್ಲಿ ಬಂದು ಅವಳೊಳಗೆ ಇಳಿಯುತ್ತಿದೆ. ಪ್ರತಿ ಚೀಲದ ಜೊತೆ ಕಬ್ಬಿಣವೂ ಇಳಿಯುತ್ತದೆ. ಮೈಗೆ ಕಬ್ಬಿಣ ಬರುವ ಬಾಗಿಲಿದೆ, ಹೋಗುವ ಬಾಗಿಲಿಲ್ಲ. ಅದು ಈಲಿಯಲ್ಲಿ, ಅಂದರೆ ಲಿವರಿನಲ್ಲಿ ಕೂರುತ್ತದೆ, ಆಮೇಲೆ ಹೃದಯದಲ್ಲಿ. ಪಕ್ಕದ ಹಾಸಿಗೆಯ ಪಾನಿಕ್ಕೋಸ್ ಹದಿನಾರು ತುಂಬುವುದರೊಳಗೆ ಹೋದದ್ದನ್ನು ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ನೋಡಿದೆವು. ಆವತ್ತು ನೀನು ನನ್ನ ಕೈ ಹಿಡಿದಿದ್ದೆ. ನಾನು ಬಿಡಿಸಿಕೊಂಡೆ. ನಿನ್ನ ಕೈ ಬೆಚ್ಚಗಿತ್ತು, ಅದೂ ನನಗೆ ಸೇರಲಿಲ್ಲ.

ಆ ಬೆಚ್ಚನೆಯ ಕೈಯ ಮೇಲೇ ನನ್ನ ಹೊಟ್ಟೆಕಿಚ್ಚು. ಕಬ್ಬಿಣ ತೆಗೆಯುವ ಔಷಧ ಬಾಯಿಂದ ಕೊಟ್ಟರೆ ಹಿಡಿಯುವುದಿಲ್ಲ, ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ, ಸಣ್ಣ ಪಂಪು ಕಟ್ಟಿ, ಸಂಜೆಯಿಂದ ಬೆಳಗಿನವರೆಗೆ ಹನಿಹನಿಯಾಗಿ ಬಿಡಬೇಕು ಅಂದರು. ವಾರಕ್ಕೆ ಆರು ದಿನ. ಲೂಲ್ಲಾ ಮತ್ತು ಲಾಕಿಸ್ ಮೀನು ಕರಿಯುವ ಅಂಗಡಿಯಲ್ಲಿ ಮಧ್ಯಾಹ್ನದಿಂದ ಎಣ್ಣೆಯ ಮುಂದೆ ನಿಂತವರು. ಸೂಜಿ ಹಾಕುವುದು ಅಜ್ಜಿಯರ ಪಾಲಿಗೆ ಬಂತು. ನರ್ಸು ಇಬ್ಬರಿಗೂ ಕಲಿಸಿದಳು. ನನ್ನ ಕೈಯಲ್ಲಿ ಸೂಜಿ ಹೋದಾಗ ಮಗು ಬೀದಿ ಕೇಳುವಂತೆ ಕಿರುಚಿತು. ನಿನ್ನ ಕೈಯಲ್ಲಿ ಹೋದಾಗ, ಆಯಿತಾ ಎಂದು ಕೇಳಿತು. ಮೂವತ್ತು ವರ್ಷ ಬಟ್ಟೆಗೆ ಸೂಜಿ ಹಾಕಿದವಳು ನಾನೂ ಹೌದು, ಅನ್ನೆಜೂ.

ಆಮೇಲೆ ನೀವಿಬ್ಬರೂ ಆಟ ಕಟ್ಟಿಕೊಂಡಿರಿ. ಅವಳ ಪುಟ್ಟ ಹೊಟ್ಟೆಯ ಮೇಲೆ ಚುಚ್ಚುವ ಜಾಗಕ್ಕೆಲ್ಲ ನಮ್ಮ ದ್ವೀಪದ ಊರುಗಳ ಹೆಸರು. ಇವತ್ತು ಲೆಫ್ಕರಾ, ನಾಳೆ ಲಾಪಿಥೋಸ್, ನಾಡಿದ್ದು ನಿನ್ನ ತವರೂರು. ನನ್ನೂರು ಪ್ಲಾಟಾನಿಗೆ ಯಾವತ್ತು ಎಂದು ಒಂದು ದಿನ ನಾನು ನಗುತ್ತಲೇ ಕೇಳಿದೆ. ಮಗು ನಿನ್ನ ಮುಖ ನೋಡಿತು. ನೀನು ಹೇಳಿದೆ: “ನಿಮ್ಮೂರು ಎಲುಬಿನ ಮೇಲೆ ಬರ್ತದೆ, ಹರಿಕ್ಲಿಯಾ. ಅಲ್ಲಿ ಚುಚ್ಚೋಕಾಗಲ್ಲ.” ಇಬ್ಬರೂ ನಕ್ಕಿರಿ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಬಸ್ಸಿನಲ್ಲಿ ವುಡ್ ಗ್ರೀನ್ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಅವಳು ನಿನ್ನನ್ನು ‘ಯಾಯಾ’ ಎನ್ನುತ್ತಾಳೆ, ಬರೀ ಅಜ್ಜಿ. ನನ್ನನ್ನು ‘ಯಾಯಾ ಹರಿಕ್ಲಿಯಾ’. ಅಂಚೆ ಕಚೇರಿಯ ಸಾಲಿನಲ್ಲಿ ನಿಂತವರನ್ನು ಕರೆಯುವ ಹಾಗೆ.

ಈಗ ಫೆಬ್ರವರಿಗೆ ಬರುತ್ತೇನೆ. ಆಸ್ಪತ್ರೆಯ ಹೆಸ್ಟರ್ ನಿನಗೆ ಗೊತ್ತು, ಕಪ್ಪು ಬೂಟು, ಕತ್ತರಿಸಿದ ಕೂದಲು, ರೋಗಿಗಳನ್ನು ನೋಡುವ ಡಾಕ್ಟರಲ್ಲ, ಔಷಧ ಕಟ್ಟುವ ಡಾಕ್ಟರು. ಕಬ್ಬಿಣ ಹಿಡಿಯುವ ವಸ್ತುವನ್ನು ಅವಳು ಕಾಗದದ ಮೇಲೆ ಗೆರೆ ಎಳೆದು ಮೊದಲು ಮನಸ್ಸಿನಲ್ಲೇ ಕಟ್ಟುತ್ತಾಳೆ, ಆಮೇಲೆ ಗಾಜಿನ ಪಾತ್ರೆಯಲ್ಲಿ ಕಟ್ಟುತ್ತಾಳೆ. ಸೂಜಿ ಬೇಡ, ಪಂಪು ಬೇಡ, ಮೂರು ಹೊತ್ತು ನುಂಗುವ ಮಾತ್ರೆ ಸಾಕು ಎಂದು ಅವಳು ಹೇಳಿದ ದಿನ ಲೂಲ್ಲಾ ಅತ್ತಳು. ಹನ್ನೆರಡು ಮಕ್ಕಳ ಮೇಲೆ ಪರೀಕ್ಷೆ, ಅವರಲ್ಲಿ ನಮ್ಮವಳೂ ಒಬ್ಬಳು. ನೀನು ಮಾತ್ರ ಊಟದ ಮೇಜಿನಲ್ಲಿ ತಣ್ಣಗೆ ಅಂದೆ, ಸೂಜಿ ಎಲ್ಲಿ ಹೋಗುತ್ತದೆಂದು ನನಗೆ ಕಾಣುತ್ತದೆ, ಮಾತ್ರೆ ಎಲ್ಲಿ ಹೋಗುತ್ತದೆಂದು ಯಾರು ಕಂಡರು ಎಂದು. ತಪ್ಪು ಮಾತೇನಲ್ಲ. ಆದರೆ ನಾನು ಕಾದಿದ್ದೆ. ಎಲ್ಲರ ಮುಂದೆ ಹೇಳಿದೆ: “ನಿನಗೆ ಮಗು ಹುಷಾರಾಗೋದು ಬೇಕಿಲ್ಲ ಅನ್ನೆಜೂ, ನಿನ್ನ ಸೂಜಿಗೆ ಕೆಲಸ ಬೇಕು.”

ನೀನು ಕೋಟು ಹಾಕಿಕೊಂಡು ಎದ್ದು ಹೋದೆ. ನನಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಹೀಗೆ ಮಗು ನಿನ್ನ ಮನೆಯಿಂದ ನನ್ನ ಮನೆಗೆ ಬಂತು. ಆಸ್ಪತ್ರೆ ನನಗೆ ನಡೆಯುವಷ್ಟು ಹತ್ತಿರ ಎಂದು ನೆಪ ಹೇಳಿದರು. ನಿಜ ಏನೆಂದು ನನಗೂ ಗೊತ್ತಿತ್ತು: ಮಾತ್ರೆ ಕೊಡಲು ಒಂದು ಲೋಟ ನೀರು, ಒಂದು ಗಡಿಯಾರ ಸಾಕು, ಕೈಗುಣ ಬೇಕಿಲ್ಲ. ಇರಲಿ. ಬಂತಲ್ಲ. ಬೆಳಿಗ್ಗೆ ಅವಳ ಜಡೆ ಹೆಣೆಯುವುದು ನಾನು, ಶಾಲೆಗೆ ಬಿಡುವುದು ನಾನು, ಬಾಟಲಿ ತುಂಬಿಸುವುದೂ ನಾನು.

ಬಾಟಲಿಯ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ಮಾತ್ರೆ ಹಿಡಿದ ಕಬ್ಬಿಣ ಮೂತ್ರದಲ್ಲಿ ಹೋಗುತ್ತದೆ, ಹೋಗುವಾಗ ಕೆಂಪಗೆ ಹೋಗುತ್ತದೆ. ಹೆಸ್ಟರ್ ಅದನ್ನು ಅಳೆಯಬೇಕು, ಹಾಗಾಗಿ ಪ್ರತಿ ಶುಕ್ರವಾರ ಹನ್ನೆರಡು ಮನೆಯವರೂ ಬಾಟಲಿ ಹೊತ್ತು ತರಬೇಕು. ಬೆಂಚಿನ ಮೇಲೆ ಅಮ್ಮಂದಿರು, ಅಜ್ಜಿಯರು ಸಾಲಾಗಿ ಕೂತು, ಚೀಲದಿಂದ ಒಂದೊಂದೇ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಾರೆ, ಮದುವೆಗೆ ಮೊದಲು ನಮ್ಮೂರಲ್ಲಿ ಹುಡುಗಿಯ ಕಸೂತಿ ಬಟ್ಟೆಯನ್ನು ಹಗ್ಗದ ಮೇಲೆ ಹರಡಿ ಬೀದಿಗೆ ತೋರಿಸುವ ಹಾಗೆ. ಒಬ್ಬಳದು ದಾಳಿಂಬೆ ರಸ, ಒಬ್ಬಳದು ಹಳೆಯ ದ್ರಾಕ್ಷಾರಸ. ಕೆಂಪು ಹೆಚ್ಚಾದಷ್ಟೂ ಆ ಮನೆಯವರ ಕತ್ತು ಉದ್ದ. ನಮ್ಮವಳದು ನೀರು ಹೆಚ್ಚಾದ ಚಹಾ. ಅದೇ ಸರಿ, ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಹೆಸ್ಟರ್ ಹೇಳಿದಳಂತೆ. ಬೆಂಚಿನವರು ಹಾಗೆ ಹೇಳಲಿಲ್ಲ. ಎನ್‌ಫೀಲ್ಡಿನ ಒಬ್ಬ ಅಜ್ಜಿ, ಮಗುವಿಗೆ ಸರಿಯಾಗಿ ನುಂಗಿಸುತ್ತೀಯೇನಮ್ಮಾ ಎಂದು ಕೇಳಿದಳು.

ಅದನ್ನು ನುಂಗಿಕೊಂಡೆ. ಆದರೆ ಮನೆಗೆ ಬರುವ ದಾರಿಯಲ್ಲಿ ಸ್ಟಾಲ್ಲೊ ಚೀಲ ಅಲ್ಲಾಡಿಸುತ್ತಾ ಅಂದಳು: “ಯಾಯಾ ಮನೇಲಿ ಪಂಪು ಹಾಕ್ತಿದ್ದಾಗ ಇದಕ್ಕಿಂತ ಕೆಂಪಗಿರ್ತಿತ್ತು.”

ಆ ಒಂದು ಮಾತು, ಅನ್ನೆಜೂ. ಮಗು ಏನೂ ಅರಿಯದೆ ಆಡಿದ್ದು. ಮೂತ್ರದ ಬಣ್ಣದಲ್ಲೂ ನೀನೇ ಮುಂದೆ.

ಮಾರನೆಯ ದಿನ ನಾನು ಕಸಾಯಿಯವನ ಹತ್ತಿರ ಹೋಗಿ ಕುರಿಯ ಈಲಿ ತಂದೆ. ಈಸ್ಟರಿಗೆ ಮುಂಚಿನ ಉಪವಾಸ, ಮಾಂಸ ಮುಟ್ಟಬಾರದ ನಲವತ್ತು ದಿನ ನಡೆಯುತ್ತಿತ್ತು, ಆ ಮನುಷ್ಯ ನಮ್ಮ ಕಡೆಯವನೇ, ನನ್ನ ಕಡೆ ನೋಡದೆ ಕಟ್ಟಿಕೊಟ್ಟ. ಕಿಟಕಿ ಮುಚ್ಚಿ ಹುರಿದೆ. ದೇವರು ಕಂಡರೆ ಕಾಣಲಿ, ಮೇಲಿನ ಮನೆಯ ಮಿರೋಫೋರಾಳಿಗೆ ವಾಸನೆ ಹೋಗಬಾರದು ಎಂದು ವಿನಿಗರ್ ಚೆಲ್ಲಿದೆ. ಈಲಿ ಕೊಡಬಾರದು, ಕಬ್ಬಿಣ ಇರುವುದೇನನ್ನೂ ಕೊಡಬಾರದು ಎಂದು ಒಂಬತ್ತು ವರ್ಷದಿಂದ ಕೇಳಿದ್ದೇನೆ. ಆದರೆ ನನ್ನ ತಲೆ ಹೀಗೆ ಲೆಕ್ಕ ಹಾಕಿತು: ಈಗ ಹೊಟ್ಟೆಯಲ್ಲಿ ಕಬ್ಬಿಣ ಹಿಡಿಯುವ ಮಾತ್ರೆಯಿದೆಯಲ್ಲ, ಎಷ್ಟು ಹಾಕಿದರೂ ಅದು ಹಿಡಿದು ಹೊರಗೆ ಹಾಕುತ್ತದೆ, ಬಾಟಲಿ ಕೆಂಪಾಗುತ್ತದೆ. ನಮ್ಮ ಬೆಕ್ಕು ಚೆನ್ನಾಗಿ ಬೇಟೆಯಾಡುತ್ತದೆಂದು ಊರಿಗೆ ತೋರಿಸಲು ಇಲಿಯನ್ನು ತಂದು ಮನೆಯೊಳಗೆ ಬಿಟ್ಟ ಹಾಗೆ.

ಈಲಿಯಿಂದ ಬಣ್ಣ ಏರಲಿಲ್ಲ. ಆಗ ನನ್ನ ಔಷಧದ ಡಬ್ಬಿ ನೆನಪಾಯಿತು. ನಮ್ಮಂಥ ಅರ್ಧ ಕಾಯಿಲೆಯವರ ಬಿಳಿ ಮುಖ ಕಂಡರೆ ಇಲ್ಲಿನ ಡಾಕ್ಟರು ಹಿಂದುಮುಂದು ನೋಡದೆ ಕಬ್ಬಿಣದ ಮಾತ್ರೆ ಬರೆಯುತ್ತಾರೆ; ನಿನಗೂ ಬರೆದಿರುತ್ತಾರೆ. ನಾನು ಒಂದನ್ನೂ ನುಂಗದೆ ಮೇಜಿನ ಖಾನೆಯಲ್ಲಿ ಹಾಕಿಟ್ಟಿದ್ದೆ. ದಿನಕ್ಕೊಂದನ್ನು ಪುಡಿಮಾಡಿ ದ್ರಾಕ್ಷಿ ಕಾಕಂಬಿಯಲ್ಲಿ ಕಲಸಿ ಚಮಚದಲ್ಲಿ ಕೊಟ್ಟೆ. ಸಿಹಿ ಎಂದು ಅವಳು ಚಮಚ ನೆಕ್ಕಿದಳು. ಹತ್ತು ದಿನಕ್ಕೆ ನಮ್ಮ ಬಾಟಲಿ ಎನ್‌ಫೀಲ್ಡಿನವಳ ಬಾಟಲಿಯನ್ನು ದಾಟಿತು. ನಾನು ಅದನ್ನು ಕಿಟಕಿಗೆ ಹಿಡಿದು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದೇ ಇದ್ದೆ.

ನೀನು ಈಗ ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದೀ. ಎಳೆದುಕೋ, ಮುಂದೆ ಓದು.

ಏಪ್ರಿಲ್ ಹನ್ನೆರಡು, ಬುಧವಾರ, ಮಾತ್ರೆಯ ಹೊತ್ತುಗೊತ್ತು ಹೇಗೆ ನಡೆಯುತ್ತಿದೆ ನೋಡಲು ಹೆಸ್ಟರ್ ಮನೆಗೆ ಬಂದಳು. ಉಪವಾಸದಲ್ಲೂ ನಡೆಯುವ ಏಡಿ ಬೇಯಿಸಿದ್ದೆ, ಊಟಕ್ಕೆ ಕೂರಿಸಿದೆ. ಮಗು ನಡುವೆ ಕೂತು ಅವಳ ಇಂಗ್ಲಿಷನ್ನು ನನಗೆ, ನನ್ನ ಮಾತನ್ನು ಅವಳಿಗೆ ದಾಟಿಸುತ್ತಿತ್ತು. ಹೆಸ್ಟರ್ ತಟ್ಟೆಯಿಂದ ಏಡಿಯ ಮೂರು ಇಕ್ಕಳ ಆರಿಸಿ, ಒಂದು ಕಪ್ಪು ಆಲಿವ್ ಕಾಯಿಯ ಸುತ್ತ ಮೂರು ಕಡೆಯಿಂದ ಕಚ್ಚಿಸಿ ನಿಲ್ಲಿಸಿದಳು. ಆಲಿವ್ ಅಂದರೆ ಕಬ್ಬಿಣ. ಒಂದು ಇಕ್ಕಳವಾದರೆ ಜಾರುತ್ತದೆ, ಮೂರು ಸೇರಿದರೆ ಮಿಸುಕಾಡಲು ಬಿಡುವುದಿಲ್ಲ. ಓದಿದವರು ಈ ವಿದ್ಯೆಗೇ ನಮ್ಮ ಗ್ರೀಕಿನ ಏಡಿ ಇಕ್ಕಳದ ಹೆಸರಿಟ್ಟಿದ್ದಾರಂತೆ. ಅಷ್ಟು ಓದಿದವರೂ ಹೆಸರಿಗೆ ಕೊನೆಗೆ ನಮ್ಮ ಮೀನುಗಾರರ ಹತ್ತಿರವೇ ಬಂದರಲ್ಲ ಎಂದೆ. ನಕ್ಕಳು.

ಹನ್ನೊಂದು ವರ್ಷ ಅದನ್ನೇ ಕಟ್ಟುತ್ತಿದ್ದಾಳೆ. ಒಂದು ಇಕ್ಕಳ ಕಬ್ಬಿಣ ಹಿಡಿ ಅಂದರೆ ಸತುವನ್ನೂ ತಾಮ್ರವನ್ನೂ ಬಾಚಿಕೊಂಡು ಬಂತಂತೆ. ಒಂದು ಚೆನ್ನಾಗಿ ಹಿಡಿಯಿತು, ಆದರೆ ಎಷ್ಟು ದೊಡ್ಡದೆಂದರೆ ಕರುಳಿನ ಗೋಡೆ ದಾಟಿ ಒಳಗೇ ಹೋಗಲಿಲ್ಲ. ಇನ್ನೊಂದು ಒಳಗೆ ಹೋಯಿತು, ಹಿಡಿಯಿತು, ಮೂತ್ರಕೋಶದ ಹತ್ತಿರ ಬರುವಷ್ಟರಲ್ಲಿ ಕೈಬಿಟ್ಟಿತು. ಚಿಕ್ಕದಾಗಿರಬೇಕು, ಕಬ್ಬಿಣ ಒಂದನ್ನೇ ಹಿಡಿಯಬೇಕು, ಹಿಡಿದದ್ದನ್ನು ಹೊರಬಾಗಿಲವರೆಗೂ ಬಿಡಬಾರದು. ಮಕ್ಕಳಿದ್ದಾರೇನಮ್ಮಾ ಎಂದು ಕೇಳಿಸಿದೆ. ನಲವತ್ತೊಂದು, ಅದರಲ್ಲಿ ನಲವತ್ತು ದಂಡಪಿಂಡಗಳು ಎಂದಳಂತೆ. ಸ್ಟಾಲ್ಲೊ ನುಂಗುತ್ತಿರುವುದು ನಲವತ್ತೊಂದನೆಯದು.

ಅವಳು ಒಳ್ಳೆಯವಳು, ಅನ್ನೆಜೂ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಅದೇ ಆಶ್ಚರ್ಯ. ನನ್ನಲ್ಲಿದ್ದದ್ದೆಲ್ಲ ನಿನಗೇ ಖರ್ಚಾಗಿತ್ತೋ ಏನೋ.

ಊಟ ಮುಗಿಯುವಾಗ ಸುಮ್ಮನೆ ಕುತೂಹಲ ಎಂಬಂತೆ ಮಗುವಿನ ಬಾಯಿಂದ ಕೇಳಿಸಿದೆ: ಯಾರಾದರೂ ಕಬ್ಬಿಣ ಹೆಚ್ಚು ತಿಂದರೆ ಈ ಇಕ್ಕಳ ಅದನ್ನೂ ಹಿಡಿಯುತ್ತದಲ್ಲವೇ ಎಂದು. ಹೆಸ್ಟರ್ ತಲೆಯಾಡಿಸಿ ಏನೋ ಹೇಳಿದಳು. ಮಗು ಏಡಿಯ ಕಾಲು ಚೀಪುತ್ತಾ ನನಗೆ ಹೇಳಿತು: “ಒಂದಿಷ್ಟು ಹಿಡೀತದಂತೆ, ಅದು ಬಾಟಲೀಲಿ ಕಾಣ್ತದೆ. ಮಿಕ್ಕಿದ್ದು ಒಳಗೇ ಕೂತ್ಕೊಳ್ತದಂತೆ.”

ನನಗೆ ಅರ್ಥವಾಯಿತು. ಅವತ್ತೇ ಡಬ್ಬಿಯನ್ನು ಕಸಕ್ಕೆ ಹಾಕಿದೆ.

ಹೋದ ಶುಕ್ರವಾರ ಆಸ್ಪತ್ರೆಯಲ್ಲಿ ಹೆಸ್ಟರ್ ನಮ್ಮನ್ನು ಬೇರೆ ಕೋಣೆಗೆ ಕರೆದಳು. ಮುಖ ಬಾಡಿತ್ತು. ಉಳಿದ ಹನ್ನೊಂದು ಮಕ್ಕಳ ರಕ್ತದಲ್ಲಿ ಕಬ್ಬಿಣ ಇಳಿದಿದೆ. ಸ್ಟಾಲ್ಲೊಳದು ಮಾರ್ಚಿ ಕೊನೆಯಲ್ಲಿ ನೋಡಿದಾಗ ಏರಿತ್ತು, ಮೇ ಐದಕ್ಕೆ ನೋಡಿದಾಗ ಇನ್ನೂ ಏರಿತ್ತು. ಬಾಟಲಿ ಮಾತ್ರ ಎಲ್ಲರಿಗಿಂತ ಕೆಂಪು. ಅಷ್ಟು ಹೋಗುತ್ತಿದ್ದರೂ ಒಳಗೆ ಏರುತ್ತಿದೆಯೆಂದರೆ ನಲವತ್ತೊಂದನೆಯ ಇಕ್ಕಳವೇ ಕೆಟ್ಟದ್ದು, ಹಿಡಿದದ್ದರಲ್ಲಿ ಅರ್ಧವನ್ನು ದಾರಿಯಲ್ಲಿ ಚೆಲ್ಲುತ್ತಿದೆ, ಬಹುಶಃ ಹೃದಯದ ಹತ್ತಿರವೇ ಚೆಲ್ಲುತ್ತಿದೆ ಎಂದು ಅವಳ ಅನುಮಾನ. ಒಂದು ಮಗುವಿನಲ್ಲಿ ಹೀಗಾದರೆ ಉಳಿದವರಲ್ಲೂ ಆಗಬಹುದು. ಆದ್ದರಿಂದ ಬರುವ ಶುಕ್ರವಾರದಿಂದ ಹನ್ನೆರಡು ಮಕ್ಕಳಿಗೂ ಮಾತ್ರೆ ಇಲ್ಲ. ಅವಳು ಮತ್ತೆ ಕಾಗದ ಪೆನ್ಸಿಲ್ಲು ಹಿಡಿಯುತ್ತಾಳೆ; ಇನ್ನೊಂದು ಸಿದ್ಧವಾಗಲು ಎಷ್ಟು ವರ್ಷವೋ ಗೊತ್ತಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಯಾರೆಂದುಕೊಂಡೆ? ಆ ಮಗುವೇ. “ಇಕ್ಕಳ ಕಬ್ಬಿಣಾನ ಹಿಡ್ದು ನನ್ನೊಳಗೇ ಎಲ್ಲೋ ಬೀಳಿಸ್ತಿದೆಯಂತೆ, ಯಾಯಾ ಹರಿಕ್ಲಿಯಾ. ಇನ್ನು ಮಾತ್ರೆ ಇಲ್ಲ. ಮತ್ತೆ ಸೂಜಿ.” ಅಷ್ಟು ಹೇಳಿ ಅಂಗಿ ಎತ್ತಿ ತನ್ನ ಹೊಟ್ಟೆ ನೋಡಿಕೊಂಡಳು. ಹಳೆಯ ಗಂಟುಗಳು ಇಳಿದು ಚರ್ಮ ಈಗಷ್ಟೇ ಸಮವಾಗಿತ್ತು. ಎಲ್ಲಿಂದ ಶುರುಮಾಡಬಹುದು ಎಂಬಂತೆ ಬೆರಳಿಂದ ಒತ್ತಿ ನೋಡಿದಳು.

ನಾನು ಬಾಯಿ ತೆರೆದೆ. ಆ ಕಟ್ಟಡದಲ್ಲಿ ನನ್ನ ನಾಲಿಗೆ ಅಂದರೆ ಅವಳೇ, ಅನ್ನೆಜೂ. ನಾನು ಹೇಳುವುದನ್ನು ಅವಳು ಮೊದಲು ಕೇಳಬೇಕು, ಆಮೇಲೆ ತನ್ನ ಬಾಯಿಂದ ಹೇಳಬೇಕು, ನನ್ನ ಅಜ್ಜಿ ನನಗೆ ಸಿಹಿಯಲ್ಲಿ ಕಬ್ಬಿಣ ಕಲಸಿ ಕೊಟ್ಟಳು ಎಂದು. ಒಂಬತ್ತು ವರ್ಷದ ಮಗು. ಬಾಯಿ ಮುಚ್ಚಿದೆ. ಅವಳ ಕೈ ಹಿಡಿದು ಮನೆಗೆ ಬಂದೆ.

ಲೂಲ್ಲಾಳಿಗೆ ಹೇಳೋಣ ಎಂದುಕೊಂಡೆ. ಅವಳು ಅರ್ಧ ಕೇಳುವಷ್ಟರಲ್ಲಿ ಚೀರುತ್ತಾಳೆ, ಉಳಿದರ್ಧ ಹೆಸ್ಟರ್‌ಗೆ ಮುಟ್ಟುವುದೇ ಇಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೆಷಿನ್ನಿಗೆ ಕೂತವರು. ನೀನು ಇಂಗ್ಲಿಷ್ ಕಲಿತು ಮೇಲ್ವಿಚಾರಕಿಯಾದೆ, ನಾನು ಇದ್ದಲ್ಲೇ ಕಾಲರು ಹೊಲಿದೆ. ಅದಕ್ಕೂ ಹೊಟ್ಟೆಕಿಚ್ಚುಪಟ್ಟಿದ್ದೆ. ಇವತ್ತು ಆ ಇಂಗ್ಲಿಷ್ ಬೇಕಾಗಿದೆ.

ಶುಕ್ರವಾರ ಹತ್ತಕ್ಕೆ ಆಸ್ಪತ್ರೆಗೆ ಬಾ. ಮಗು ಶಾಲೆಯಲ್ಲಿರುತ್ತದೆ, ಲೂಲ್ಲಾ ಬರುವುದು ಹತ್ತೂವರೆಗೆ. ಆ ಅರ್ಧ ಗಂಟೆಯಲ್ಲಿ ಹೆಸ್ಟರ್‌ಗೆ ಹೇಳು: ಇಕ್ಕಳದ ತಪ್ಪಿಲ್ಲ, ಒಳಗೆ ಕಬ್ಬಿಣ ಹಾಕುತ್ತಿದ್ದವಳು ಅಜ್ಜಿ, ಮಾರ್ಚಿಯಿಂದ ಏಪ್ರಿಲ್ ಹನ್ನೆರಡರವರೆಗೆ. ನನ್ನ ಮಾತ್ರೆಯ ಹೆಸರನ್ನು ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಮೃದು ಮಾಡಿ ಹೇಳಬೇಡ. ನಿನಗೆ ಮೃದು ಮಾಡುವ ಚಟವಿದೆ. ಅಜ್ಞಾನ, ಪಾಪ, ಹಳ್ಳಿಯವಳು ಎಂದರೆ ಅವಳು ಅರ್ಧವೇ ನಂಬುತ್ತಾಳೆ. ಹೊಟ್ಟೆಕಿಚ್ಚಿಗೆ ಮಾಡಿದಳು ಎಂದು ಹೇಳು, ಪೂರ್ತಿ ನಂಬುತ್ತಾಳೆ.

ಇದಾದ ಮೇಲೆ ಮಗುವನ್ನು ನನ್ನ ಮನೆಯಲ್ಲಿ ಬಿಡುವುದಿಲ್ಲ. ಬಿಡಬಾರದು. ಅವಳ ಪುಟ್ಟ ಪೆಟ್ಟಿಗೆ ತುಂಬಿಸಿಟ್ಟಿದ್ದೇನೆ, ನಿನ್ನಲ್ಲಿಗೆ ಬರುತ್ತಾಳೆ. ಬೆಳಗಿನ ಮಾತ್ರೆ ಏನಾದರೂ ತಿಂದ ಮೇಲೆ ಕೊಡು, ಬರಿ ಹೊಟ್ಟೆಗೆ ಕೊಟ್ಟರೆ ವಾಂತಿ. ಎಡಗಡೆ ಜಡೆ ಮೊದಲು ಹೆಣೆ, ಬಲಗಡೆಯದಕ್ಕೆ ತಾನೇ ರಿಬ್ಬನ್ನು ಆರಿಸುತ್ತಾಳೆ.

ಇನ್ನೊಂದು ಹೇಳಲೇಬೇಕು. ಹೆಸ್ಟರ್ ನಿನ್ನ ಮಾತು ನಂಬಿದರೆ ಮಾತ್ರೆ ಉಳಿಯುತ್ತದೆ. ಮಾತ್ರೆ ಉಳಿದರೆ ನಿನ್ನ ಸೂಜಿಗೆ, ನಿನ್ನ 'ಲೆಫ್ಕರಾ'ಕ್ಕೆ, 'ಲಾಪಿಥೋಸ್‌'ಗೆ ಇನ್ನು ಕೆಲಸವಿಲ್ಲ. ನಾನು ಅವಳನ್ನೇ ಕಳೆದುಕೊಳ್ಳುತ್ತೇನೆ, ನೀನು ನಿನ್ನ ಕೈಗುಣ ಕಳೆದುಕೊಳ್ಳುತ್ತೀ. ಅದರಿಂದ ನನಗೆ ಸ್ವಲ್ಪ ಸಮಾಧಾನವಾಗಿದೆ ಎಂದರೆ ಬೈಯಬೇಡ, ಈ ವಯಸ್ಸಿನಲ್ಲಿ ಒಂದೇ ಕಾಗದದಲ್ಲಿ ಇಡೀ ಹೆಂಗಸು ಬದಲಾಗುವುದಿಲ್ಲ. ಬೇಕಿದ್ದರೆ ಈ ಕಾಗದವನ್ನು ಖಾನೆಯಲ್ಲಿಟ್ಟು ಸುಮ್ಮನಿರಬಹುದು ನೀನು. ಮಾತ್ರೆ ನಿಲ್ಲುತ್ತದೆ, ಮಗುವೂ ಸೂಜಿಯೂ ಎರಡೂ ನಿನ್ನ ಮನೆಗೆ ಬರುತ್ತವೆ. ನಿನ್ನ ಜಾಗದಲ್ಲಿ ನಾನಿದ್ದರೆ ಹಾಗೆಯೇ ಮಾಡುತ್ತಿದ್ದೆ. ನೀನು ಮಾಡುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತು. ಇಷ್ಟು ವರ್ಷ ನನ್ನನ್ನು ಸುಟ್ಟದ್ದೂ ಅದೇ.

ಒಂದು ಕಾಲಕ್ಕೆ ನಿನ್ನ ಪಕ್ಕದ ಮೆಷಿನ್ನಿನವಳು, ನಿನ್ನ ಬೀಗಿತಿ,
ಹರಿಕ್ಲಿಯಾ

ಮರುಬರಹ: ಲಕೋಟೆ ಅಂಟಿಸಿದ್ದನ್ನು ಉಗಿಯಲ್ಲಿ ಹಿಡಿದು ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಏಡಿ ತಿಂದ ದಿನ ಡಬ್ಬಿಯನ್ನು ಕಸಕ್ಕೆ ಹಾಕಲಿಲ್ಲ. ಅವತ್ತು ಹೊರಡುವಾಗ ಹೆಸ್ಟರ್ ಬಾಗಿಲಲ್ಲಿ ನಿಂತು, ಹನ್ನೆರಡು ಮನೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತಿರುವುದು ಈ ಮನೆಯಲ್ಲಿ ಎಂದಳು. ಮಗು ಅದನ್ನು ನನಗೆ ಹೇಳುವಾಗ ಹೆಮ್ಮೆಯಿಂದ ನನ್ನ ಸೊಂಟ ತಬ್ಬಿಕೊಂಡಿತು. ಒಳಗೆ ಏನಾಗುತ್ತದೆಂದು ತಿಳಿದ ಮೇಲೂ, ಮಾರನೆಯ ದಿನದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ, ಹದಿನೇಳು ದಿನ ಚಮಚ ಹಿಡಿದೆ. ಆಮೇಲೆ ನಿಲ್ಲಿಸಿದ್ದೂ ಒಳ್ಳೆಯತನಕ್ಕಲ್ಲ, ಡಬ್ಬಿ ಖಾಲಿಯಾಯಿತು. ಈಗ ಕೂತು ಯೋಚಿಸಿದರೆ, ಏಪ್ರಿಲ್ ಹನ್ನೆರಡಕ್ಕೆ ನಿಂತಿತೆಂದು ನೀನು ಹೇಳಿದರೆ, ಆಮೇಲೆ ಮೇ ಐದರ ರಕ್ತ ಏಕೆ ಏರಿತು ಎಂದು ಹೆಸ್ಟರ್ ಕೇಳುತ್ತಾಳೆ, ಆ ತಪ್ಪು ಮತ್ತೆ ಇಕ್ಕಳದ ತಲೆಗೇ ಹೋಗುತ್ತದೆ, ಮಾತ್ರೆ ನಿಂತೇ ನಿಲ್ಲುತ್ತದೆ. ಆದ್ದರಿಂದ ತಾರೀಕು ಸರಿಯಾಗಿ ಹೇಳು, ಏಪ್ರಿಲ್ ಇಪ್ಪತ್ತೊಂಬತ್ತರವರೆಗೆ. ತಿಳಿದ ಮೇಲೂ ಹದಿನೇಳು ದಿನ ಎಂದು ಬಿಡಿಸಿ ಹೇಳು. ಲೂಲ್ಲಾಳಿಗೆ ತಿಳಿಸಬೇಡ ಎಂದು ಬರೆಯಲು ಕೈ ಹೋಯಿತು, ಬರೆಯುವುದಿಲ್ಲ. ನೀನು ಒಳಗೆ ಮಾತಾಡುವಾಗ ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ, ಬಾಗಿಲು ತೆರೆದಿಡು. ಹೊಲಿದ ಕಾಲರು ಎಣಿಸಿ ಕೊಟ್ಟು ಕೊಟ್ಟು ನನಗೆ ಇಂಗ್ಲಿಷಿನಲ್ಲಿ ಅಂಕಿಗಳು ಮಾತ್ರ ತಿಳಿಯುತ್ತವೆ. ನಿನ್ನ ಬಾಯಿಂದ ಆ ಹದಿನೇಳು ಬಂತೆಂದು ಕೇಳಿಸಿಕೊಂಡ ಮೇಲೆ ಎದ್ದು ಮನೆಗೆ ಹೋಗುತ್ತೇನೆ.